ನಿಂತ ತುತ್ತು, ಆರು ಸ್ಕೋಪಿ

ನಮ್ಮ ಕಡೆ ಮುದ್ದೆ ಅಗಿಯೋದಿಲ್ಲ, ನುಂಗುತ್ತಾರೆ. ಅಗಿದರೆ ಪಕ್ಕದಲ್ಲಿ ಕೂತವರು ನಗುತ್ತಾರೆ. ಮಂಡ್ಯ ಜಿಲ್ಲೆಯ ನಮ್ಮೂರಲ್ಲಿ ಚಿಕ್ಕಂದಿನಲ್ಲಿ ನನಗಿದ್ದ ಹೆಸರೇ 'ಮುದ್ದೆ ಅಗಿಯೋನು'. ಪಂಕ್ತಿಯಲ್ಲಿ ಎಲ್ಲರೂ ಕೈ ತೊಳೆದು ಎಲೆ ಅಡಿಕೆಗೆ ಕೂತ ಮೇಲೂ ನನ್ನ ಎಲೆಯಲ್ಲಿ ಅರ್ಧ ಊಟ ಹಾಗೇ ಇರುತ್ತಿತ್ತು. ಎರಡು ತುತ್ತಿಗೊಂದು ಗುಟುಕು ಮಜ್ಜಿಗೆ ಬೇಕು. ಮಜ್ಜಿಗೆ ಇಲ್ಲದಿದ್ದರೆ ಊಟ ಇಳಿಯುತ್ತಲೇ ಇರಲಿಲ್ಲ. "ಇವನಿಗೆ ನಿಧಾನ ಜಾಸ್ತಿ, ಅವರ ತಾತನ ಥರ" ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನಾನೂ ನಂಬಿಬಿಟ್ಟಿದ್ದೆ.

2023ರ ಮೇ ತಿಂಗಳು. ಮಾಗಡಿ ರಸ್ತೆಯ ಒಂದು ಛತ್ರದಲ್ಲಿ ಭಾವನ ತಮ್ಮನ ಬೀಗರ ಊಟ. ಎರಡನೇ ಮಟನ್ ತುಂಡು ಎದೆಯ ನಡುವೆ ನಿಂತುಬಿಟ್ಟಿತು. ಮೊದಲೂ ನಿಲ್ಲುತ್ತಿತ್ತು, ಎದ್ದು ನಾಲ್ಕು ಹೆಜ್ಜೆ ನಡೆದರೆ ಸರಿಹೋಗುತ್ತಿತ್ತು. ಇದು ಹೋಗಲಿಲ್ಲ. ಮಜ್ಜಿಗೆ ಕುಡಿದೆ, ಕುಡಿದಷ್ಟೂ ವಾಪಸ್ ಬಂತು. ಭಾವ ಬೆನ್ನಿಗೆ ಗುದ್ದಿದರು. ಯಾರೋ ಬಾಳೆಹಣ್ಣು ನುಂಗು ಅಂದರು, ಇನ್ಯಾರೋ ಬರೀ ಅನ್ನದ ಉಂಡೆ ಅಂದರು. ಉಸಿರಾಟಕ್ಕೆ ತೊಂದರೆ ಇರಲಿಲ್ಲ, ಆದರೆ ನನ್ನ ಎಂಜಲನ್ನೇ ನುಂಗೋಕೆ ಆಗುತ್ತಿರಲಿಲ್ಲ. ಪೇಪರ್ ಲೋಟಕ್ಕೆ ಉಗುಳುತ್ತಾ ಕಾರಿನಲ್ಲಿ ಕೂತೆ.

ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಹತ್ತೂವರೆಗೆ ಎಂಡೋಸ್ಕೋಪಿ ಹಾಕಿ ತುಂಡನ್ನು ತೆಗೆದರು. ಅದಕ್ಕೆ ನಾನು ಋಣಿ. ಆದರೆ ಹೊರಡುವಾಗ ಹೇಳಿದ್ದು ಇಷ್ಟೇ: "ಒಳಗೆ ಏನೂ ಇಲ್ಲ. ಗ್ಯಾಸ್ಟ್ರಿಕ್ ಇದೆ. ಚೆನ್ನಾಗಿ ಅಗಿದು ತಿನ್ನಿ." ಮೂವತ್ತೇಳು ವರ್ಷ ಅಗಿದದ್ದು ಸಾಲಲಿಲ್ಲವೇನೋ.

ಬೆಂಗಳೂರಲ್ಲಿ ಗ್ಯಾಸ್ಟ್ರಿಕ್ ಅನ್ನೋದು ಒಂದು ದೊಡ್ಡ ಚೀಲ. ಎದೆ ಉರಿ, ತಲೆನೋವು, ಸಿಟ್ಟು, ಎಲ್ಲವನ್ನೂ ಅದಕ್ಕೇ ತುಂಬಬಹುದು. ನಾನೂ ತುಂಬಿ ಸುಮ್ಮನಾದೆ. ಜುಲೈಯಲ್ಲಿ ಚಪಾತಿ ಸಿಕ್ಕಿಕೊಂಡಿತು. ಈ ಸಲ ಹೆಂಡತಿ ಬಿಡಲಿಲ್ಲ. "ಚಪಾತಿ ಮೆತ್ತಗೇ ಇತ್ತು ರೀ, ನಾನೇ ಮಾಡಿದ್ದು" ಅಂದಳು. ಬೇರೆ ಆಸ್ಪತ್ರೆಯ ಹೊಟ್ಟೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಆ ಮೇಡಂ ಹೊಟ್ಟೆ ಒತ್ತಿ ನೋಡುವ ಮೊದಲು ಕೇಳಿದ ಪ್ರಶ್ನೆಗಳು ವಿಚಿತ್ರ ಅನ್ನಿಸಿದವು. ಊಟಕ್ಕೆ ಎಷ್ಟು ಹೊತ್ತು? ತುತ್ತಿನ ಮಧ್ಯೆ ನೀರು ಕುಡಿಯುತ್ತೀರಾ? ದೊಡ್ಡ ಮಾತ್ರೆ ಮುರಿದು ನುಂಗುತ್ತೀರಾ? ಹೋಟೆಲಲ್ಲಿ ಕೆಲವು ಐಟಂ ಬೇಡ ಅಂತ ಬಿಡುತ್ತೀರಾ? ಎಲ್ಲಕ್ಕೂ ಹೌದು. ಶೀತ, ಸೀನು, ವೀಸಿಂಗ್? ಇದೆ. ಬೆಂಗಳೂರಿಗೆ ಬಂದ ವರ್ಷವೇ ಶುರುವಾಗಿದ್ದು, ಖಾಲಿ ಸೈಟಲ್ಲಿ ಕಾಂಗ್ರೆಸ್ ಗಿಡ ಹೂ ಬಿಟ್ಟರೆ ನನ್ನ ಮೂಗಿಗೆ ಗೊತ್ತಾಗುತ್ತೆ.

"ರಕ್ತದಲ್ಲಿ ಇಸ್ನೋಫಿಲ್ ಜಾಸ್ತಿ ಅಂತ ಯಾವಾಗಾದರೂ ಹೇಳಿದ್ದರಾ?"

ಹೇಳಿದ್ದರು. ಹತ್ತು ವರ್ಷದ ಹಿಂದೆ. ನಮ್ಮ ದೇಶದಲ್ಲಿ ಇಸ್ನೋಫಿಲ್ ಅನ್ನೋ ಬಿಳಿ ರಕ್ತಕಣ ಜಾಸ್ತಿ ಅಂದರೆ ಮೊದಲು ಹುಳ ನೆನಪಾಗುತ್ತೆ, ಆಮೇಲೆ ಆನೆಕಾಲು ರೋಗದ ಸೊಳ್ಳೆ. ಅದರಲ್ಲಿ ತಪ್ಪೇನಿಲ್ಲ, ಇಲ್ಲಿ ಅವು ಇವೆ. ಆಗ ನನಗೆ ಹುಳದ ಮಾತ್ರೆ ಕೊಟ್ಟು, ಮೂರು ವಾರ ಆನೆಕಾಲು ರೋಗದ ಡಿಇಸಿ ಮಾತ್ರೆಯನ್ನೂ ನುಂಗಿಸಿದ್ದರು. ಮುರಿದು ನುಂಗಿದ್ದೆ.

"ಮೇ ತಿಂಗಳಲ್ಲಿ ತುಂಡು ತೆಗೆದಾಗ ಬಯಾಪ್ಸಿ ತಗೊಂಡರಾ?" ಅಂತ ಕೊನೆಗೆ ಕೇಳಿದರು. ಇಲ್ಲ. ಮೇಡಂ ಪೆನ್ನಿನ ಕ್ಯಾಪ್ ಮುಚ್ಚಿ, "ಹಾಗಾದರೆ ಮತ್ತೆ ಒಳಗೆ ಹೋಗಬೇಕು" ಅಂದರು.

ಬಯಾಪ್ಸಿ ಅನ್ನೋ ಪದ ಕೇಳಿದ ತಕ್ಷಣ ಹೆಂಡತಿಯ ಮುಖ ಬಿಳಿಚಿತು. ನಮ್ಮ ಮನೆಗಳಲ್ಲಿ ಆ ಪದಕ್ಕೆ ಒಂದೇ ಅರ್ಥ. ಮೇಡಂಗೆ ಅದು ಗೊತ್ತಿತ್ತು. "ಕ್ಯಾನ್ಸರ್ ಹುಡುಕೋಕಲ್ಲಮ್ಮ, ಎಣಿಸೋಕೆ" ಅಂದರು. ಏನನ್ನು ಎಣಿಸುತ್ತಾರೆ ಅಂತ ನಮಗೆ ಅವತ್ತು ಅರ್ಥವಾಗಲಿಲ್ಲ.

ಸ್ಕೋಪಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ರಾತ್ರಿಯಿಂದ ಉಪವಾಸ, ಗಂಟಲಿಗೆ ಕಹಿ ಸ್ಪ್ರೇ, ಎಡಗಡೆ ಮಲಗಿಸಿ ಬಾಯಿಗೊಂದು ಪ್ಲಾಸ್ಟಿಕ್ ಬಳೆ, ನಿದ್ದೆಯ ಸೂಜಿ. ಎದ್ದಾಗ ಮುಗಿದಿತ್ತು. ಫೋಟೋ ತೋರಿಸಿದರು. ಅನ್ನನಾಳದ ಉದ್ದಕ್ಕೂ ಹೊಲ ಉತ್ತ ಹಾಗೆ ಸಾಲು. ಅಡ್ಡಕ್ಕೆ ಬಳೆ ಜೋಡಿಸಿದ ಹಾಗೆ ಉಂಗುರ. ಅಲ್ಲಲ್ಲಿ ರವೆ ಉದುರಿಸಿದಂತೆ ಬಿಳಿ ಚುಕ್ಕಿ. ಕೆಲವರಿಗೆ ಇದ್ಯಾವುದೂ ಕಾಣದೆ ನಾಳ ನುಣ್ಣಗೇ ಇರುತ್ತದಂತೆ. ಅದಕ್ಕೇ ಕಂಡರೂ ಕಾಣದಿದ್ದರೂ ಮೇಲಿಂದ, ಕೆಳಗಿಂದ ಸೇರಿ ಕನಿಷ್ಠ ಆರು ಚೂರು ತೆಗೆಯಬೇಕು. ಈ ಕಾಯಿಲೆ ಹುಳುಕಿನ ಥರ, ಒಂದು ಕಡೆ ಇರುತ್ತೆ, ಪಕ್ಕದಲ್ಲೇ ಇರಲ್ಲ. ಇದರ ಅಣ್ಣತಮ್ಮಂದಿರು ಹೊಟ್ಟೆ, ಸಣ್ಣ ಕರುಳು, ದೊಡ್ಡ ಕರುಳಲ್ಲೂ ಬರಬಹುದು ಅಂತ ಹೊಟ್ಟೆಯಿಂದ, ಸಣ್ಣ ಕರುಳಿನ ಶುರುವಿನಿಂದಲೂ ಚೂರು ತೆಗೆದಿದ್ದರು. ಅಲ್ಲಿ ಏನೂ ಇರಲಿಲ್ಲ.

ವಾರದ ಮೇಲೆ ರಿಪೋರ್ಟ್ ಬಂತು. ಇಯೊಸಿನೊಫಿಲಿಕ್ ಈಸೊಫೇಜೈಟಿಸ್. ಹೆಂಡತಿ ಮೂರು ಸಲ ಓದಿ, "ಅನ್ನನಾಳಕ್ಕೆ ಅಲರ್ಜಿ ಅನ್ನಿ" ಅಂದಳು. ಹೆಚ್ಚು ಕಡಿಮೆ ಅದೇ.

ನಾನು ಕೇಳಿಕೊಂಡೆ ಅಂತ ಪೆಥಾಲಜಿಯ ಡಾಕ್ಟರ್ ಸ್ಲೈಡ್ ತೋರಿಸಿದರು. ಈ ಪ್ರಯಾಣದಲ್ಲಿ ನನಗೆ ಅತಿ ಇಷ್ಟವಾದ ಹತ್ತು ನಿಮಿಷ ಅದು. ಸೂಕ್ಷ್ಮದರ್ಶಕದಲ್ಲಿ ತೆಳು ನೇರಳೆ ಬಣ್ಣದ ಕಲ್ಲುಹಾಸು, ಅದರ ಮೇಲೆ ಕುಂಕುಮದ ಹುಡಿ ಚೆಲ್ಲಿದ ಹಾಗೆ ಕೆಂಪು ಚುಕ್ಕಿಗಳು. ಅವೇ ಇಸ್ನೋಫಿಲ್, ಅಂದರೆ ಇಯೊಸಿನೊಫಿಲ್. ಒಂದೊಂದರೊಳಗೂ ಕನ್ನಡಕ ಇಟ್ಟ ಹಾಗೆ ಎರಡು ನೀಲಿ ಗುಂಡು. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇಯೊಸಿನ್ ಅನ್ನೋ ಗುಲಾಬಿ ಬಣ್ಣ ಹಾಕಿ ನೋಡಿದಾಗ ಈ ಕಣಗಳು ಅದನ್ನು ಹೀರಿಕೊಂಡು ಹೊಳೆದವಂತೆ, ಹೆಸರು ಅಲ್ಲಿಂದ ಬಂದದ್ದು. "ಅನ್ನನಾಳದಲ್ಲಿ ಇವು ಒಂದೂ ಇರಬಾರದು" ಅಂದರು ಡಾಕ್ಟರ್. ತುಂಬ ಕಿಕ್ಕಿರಿದ ಜಾಗ ಹುಡುಕಿ, ಒಂದು ನೋಟಕ್ಕೆ ಸಿಗುವಷ್ಟು ವೃತ್ತದಲ್ಲಿ ಎಣಿಸುತ್ತಾರೆ. 15 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಬೇರೆ ಕಾರಣ ಇಲ್ಲದಿದ್ದರೆ, ಈ ಕಾಯಿಲೆ. ನನ್ನದು 42.

ಇಷ್ಟು ಹಳೆಯ ಕಣ, ಆದರೆ ಕಾಯಿಲೆ ಎಷ್ಟು ಹೊಸದು ನೋಡಿ. ಇದೊಂದು ಬೇರೆಯೇ ರೋಗ ಅಂತ ಮೊದಲು ಬರೆದದ್ದು 1993ರಲ್ಲಿ, ಸ್ಟೀಫನ್ ಆಟ್‌ವುಡ್ ಮತ್ತು ಜೊತೆಯವರು. ನುಂಗೋಕೆ ಕಷ್ಟಪಡುತ್ತಿದ್ದ ಬರೀ 12 ಜನರನ್ನು ನೋಡಿ. ಮುಂದಿನ ವರ್ಷ ಸ್ವಿಟ್ಜರ್ಲೆಂಡಿನ ಅಲೆಕ್ಸ್ ಸ್ಟ್ರಾಮನ್ 10 ಜನರ ಬಗ್ಗೆ ಬರೆದರು. 1993ರಲ್ಲಿ ನಾನು ಒಂದನೇ ಕ್ಲಾಸಲ್ಲಿ ಕೂತು ಮುದ್ದೆ ಅಗಿಯುತ್ತಿದ್ದೆ. ಆಗ ನಮ್ಮೂರ ಡಾಕ್ಟರಿಗೆ ಇದು ಗೊತ್ತಾಗಲಿಲ್ಲ ಅಂತ ದೂರೋಕೆ ಆಗುತ್ತಾ?

ತಡವಾದದ್ದಕ್ಕೆ ಬೆಲೆ ಇದೆ ಅನ್ನೋದೂ ಗೊತ್ತಾಯಿತು. 2013ರಲ್ಲಿ ಬಂದ ಒಂದು ಸ್ವಿಸ್ ಅಧ್ಯಯನ 200 ರೋಗಿಗಳನ್ನು ನೋಡಿತ್ತು. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ಕಾಯಿಲೆ ಸಿಕ್ಕವರಲ್ಲಿ ನಾಳ ಕಿರಿದಾದವರು ಶೇಕಡ 17. ಇಪ್ಪತ್ತು ವರ್ಷ ದಾಟಿ ಸಿಕ್ಕವರಲ್ಲಿ ಶೇಕಡ 71. ನಾನು ಎರಡನೇ ಗುಂಪಿನವನು. ನನ್ನ ನಾಳ ಸ್ವಲ್ಪ ಬಿಗಿದಿದೆ, ಬಲೂನ್ ಹಾಕಿ ಹಿಗ್ಗಿಸುವಷ್ಟಲ್ಲ ಅಂದರು.

ಮೊದಲ ಮದ್ದು ಆಸಿಡ್ ಮಾತ್ರೆ, ದಿನಕ್ಕೆರಡು, ಎಂಟು ವಾರ. ಇದು ಗ್ಯಾಸ್ಟ್ರಿಕ್ ಅಲ್ಲ ಅಂದಮೇಲೆ ಅದೇ ಮಾತ್ರೆ ಯಾಕೆ ಅಂತ ಕೇಳಿದೆ. ಅದು ಆಸಿಡ್ ಕಡಿಮೆ ಮಾಡೋದಷ್ಟೇ ಅಲ್ಲ, ಇಸ್ನೋಫಿಲ್‌ಗಳನ್ನು ಕೂಗಿ ಕರೆಯುವ ಈಯೋಟ್ಯಾಕ್ಸಿನ್-3 ಅನ್ನೋ ಸಂದೇಶವನ್ನೂ ತಗ್ಗಿಸುತ್ತದಂತೆ. ಅರ್ಧಕ್ಕೆ ಸ್ವಲ್ಪ ಕಡಿಮೆ ಜನಕ್ಕೆ ಅಷ್ಟರಲ್ಲೇ ವಾಸಿ. ನನಗೆ ಆಗಲಿಲ್ಲ. ಮೂರನೇ ಸ್ಕೋಪಿಯಲ್ಲಿ 38.

ಆ ಸ್ಕೋಪಿಯ ದಿನವೇ ಹೊರಗಿನ ಬೆಂಚಲ್ಲಿ ಕೂತಿದ್ದಾಗ ಒಬ್ಬ ಹುಡುಗಿ ಫೈಲ್ ಹಿಡಿದು ಬಂದಳು. ಈ ಕಾಯಿಲೆಯ ಬಗ್ಗೆ ಸಂಶೋಧನೆಗೆ ಮಾದರಿ ಸೇರಿಸುತ್ತಿದ್ದೇವೆ, ನಿಮಗೆ ಒಪ್ಪಿಗೆಯಾ ಅಂತ. ಏಳು ಪುಟದ ಕನ್ನಡ ಫಾರಂ. ಓದಿದೆ. "ಸಹಭಾಗಿಯು ಸ್ವ-ಇಚ್ಛೆಯಿಂದ ಜೈವಿಕ ಅಂಗಾಂಶವನ್ನು ಪ್ರದಾನ ಮಾಡುವುದು." ಕನ್ನಡ ಮೀಡಿಯಂನಲ್ಲಿ ಓದಿದ ನನಗೇ ಮೂರನೇ ಸಾಲಿಗೆ ತಲೆ ಭಾರವಾಯಿತು. "ನೀನೇ ಹೇಳಮ್ಮ" ಅಂದೆ.

"ಏನಿಲ್ಲ ಸರ್, ಹೆಂಗಿದ್ರೂ ಸ್ಕೋಪಿ ಆಗತ್ತೆ. ಡಾಕ್ಟ್ರು ಅವರಿಗೆ ಬೇಕಾದ ಚೂರು ತಗೊಂಡ ಮೇಲೆ ನಮಗೆ ಎರಡು ಜಾಸ್ತಿ ತಗೋತಾರೆ. ಒಂದು ಟ್ಯೂಬ್ ರಕ್ತ. ಅಷ್ಟೇ."

ಹೆಂಡತಿ ಬ್ಯಾಂಕಿನವಳು, ಸಹಿ ಅಂದರೆ ಎಚ್ಚರ. ಶುರು ಮಾಡಿದಳು. ರಕ್ತ ಸುರಿಯುತ್ತಾ? ಸ್ವಲ್ಪ ಒಸರಬಹುದು, ತಾನೇ ನಿಲ್ಲುತ್ತೆ, ಅಪರೂಪಕ್ಕೆ ಜಾಸ್ತಿ ಆಗಬಹುದು, ಅದನ್ನು ಪುಟ ಮೂರರಲ್ಲಿ ಬರೆದಿದೆ. ಹೆಸರು ಹೊರಗೆ ಹೋಗುತ್ತಾ? ಇಲ್ಲ, ನಂಬರ್ ಇರುತ್ತೆ. ದುಡ್ಡು ಕೊಡುತ್ತಾರಾ? ಓಡಾಟದ ಖರ್ಚು ಮಾತ್ರ. ಇವರಿಗೇನು ಲಾಭ? ಹುಡುಗಿ ಒಂದು ಕ್ಷಣ ಯೋಚಿಸಿ, "ಇವರಿಗೆ ಏನೂ ಇಲ್ಲ ಮೇಡಂ" ಅಂದಳು. ಆ ಉತ್ತರಕ್ಕೇ ನಾನು ಸಹಿ ಹಾಕಿದ್ದು. ಪ್ರತಿ ಪುಟಕ್ಕೂ ಹಾಕಿಸಿದಳು. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಚಿಕಿತ್ಸೆಯಲ್ಲಿ ವ್ಯತ್ಯಾಸ ಆಗಲ್ಲ ಅಂತ ಎರಡು ಸಲ ಹೇಳಿ, ಒಂದು ಪ್ರತಿ ನನ್ನ ಕೈಗೇ ಕೊಟ್ಟಳು. ದೂರು ಇದ್ದರೆ ಕೇಳೋಕೆ ನೀತಿ ಸಮಿತಿಯ ಫೋನ್ ನಂಬರ್ ಕೂಡ ಅದರಲ್ಲಿತ್ತು.

ಮಾತ್ರೆ ಕೈಕೊಟ್ಟ ಮೇಲೆ ಎರಡು ದಾರಿ ಉಳಿದವು. ಒಂದು, ಬುಡೆಸೊನೈಡ್ ಸ್ಟೀರಾಯ್ಡ್. ನೆಬ್ಯುಲೈಜರಿಗೆ ಹಾಕುವ ದ್ರವವನ್ನೇ ಜೇನುತುಪ್ಪದಲ್ಲಿ ಕಲಸಿ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ ಇರೋದು. ನಾಳದ ಗೋಡೆಗೆ ಲೇಪ ಹಚ್ಚಿದ ಹಾಗೆ. ಯುರೋಪಿನಲ್ಲಿ ಇದಕ್ಕೇ ಬಾಯಲ್ಲಿ ಕರಗುವ ಮಾತ್ರೆ 2018ರಿಂದ ಇದೆ. ಇನ್ನೊಂದು ದಾರಿ ಪಥ್ಯ. ಪಥ್ಯಕ್ಕೂ ಒಂದು ಚರಿತ್ರೆ ಇದೆ. 1995ರಲ್ಲಿ ಅಮೆರಿಕದಲ್ಲಿ ಆಸಿಡ್ ಕಾಯಿಲೆ ಅಂತ ನರಳುತ್ತಿದ್ದ 10 ಮಕ್ಕಳಿಗೆ ಊಟವನ್ನೇ ನಿಲ್ಲಿಸಿ, ಬರೀ ಅಮೈನೋ ಆಮ್ಲದ ಪುಡಿ ಕಲಸಿ ಕುಡಿಸಿದರು. ಎಂಟು ಮಕ್ಕಳ ತೊಂದರೆ ಪೂರ್ತಿ ಹೋಯಿತು, ಇಬ್ಬರದು ಕಡಿಮೆಯಾಯಿತು. ಹಾಗಾದರೆ ಕೆಣಕುತ್ತಿರೋದು ಊಟವೇ. ಯಾವ ಊಟ?

ಇಲ್ಲಿ ನನ್ನದೊಂದು ದಡ್ಡತನ ಹೇಳಬೇಕು. ಮೇಡಂಗೆ ಹೇಳದೆ ಒಂದು ಲ್ಯಾಬಲ್ಲಿ ಅಲರ್ಜಿ ಪ್ಯಾಕೇಜ್ ಮಾಡಿಸಿದೆ. ಬದನೆಕಾಯಿ, ಸೀಗಡಿ, ಅರಿಶಿನ ಅಂತ ಉದ್ದದ ಪಟ್ಟಿ ಬಂತು. ಮೇಡಂ ನೋಡಿ ಪಕ್ಕಕ್ಕಿಟ್ಟರು. ಈ ಕಾಯಿಲೆಗೆ ರಕ್ತದ ಅಲರ್ಜಿ ಪರೀಕ್ಷೆ, ಚರ್ಮಕ್ಕೆ ಚುಚ್ಚುವ ಪರೀಕ್ಷೆ ದಾರಿ ತೋರಿಸಲ್ಲ. ಬಿಟ್ಟು ನೋಡಬೇಕು, ಮತ್ತೆ ತಿಂದು ನೋಡಬೇಕು, ಪ್ರತಿ ಸಲ ಒಳಗೆ ಹೋಗಿ ಎಣಿಸಬೇಕು. ಎಂಟು ಸಾವಿರ ನೀರಲ್ಲಿ ಹೋಯಿತು. ಬದನೆಕಾಯಿಗೆ ಸುಮ್ಮನೆ ಕೆಟ್ಟ ಹೆಸರು.

ಹಾಲು, ಗೋಧಿ, ಮೊಟ್ಟೆ, ಸೋಯಾ, ಬೀಜಗಳು, ಮೀನು ಆರನ್ನೂ ಒಟ್ಟಿಗೆ ಬಿಡೋದು ಹಳೆಯ ಕ್ರಮ. 2018ರಲ್ಲಿ ಸ್ಪೇನಿನವರು ತಿರುಗಿಸಿ ನೋಡಿದರು: ಮೊದಲು ಎರಡು ಬಿಡಿ, ಆಗದಿದ್ದರೆ ನಾಲ್ಕು, ಆಗದಿದ್ದರೆ ಆರು. ಎರಡಕ್ಕೇ ಶೇಕಡ 43 ಜನ ಸರಿಹೋದರು, ನಾಲ್ಕಕ್ಕೆ 60, ಆರಕ್ಕೆ 79. ನಾನು ಎರಡರಿಂದ ಶುರು ಮಾಡಿದೆ, ಹಾಲು ಮತ್ತು ಗೋಧಿ, ಆರು ವಾರ.

ಗೋಧಿ ಬಿಡೋದು ಸುಲಭ ಅಂದುಕೊಂಡಿದ್ದೆ. ಮುದ್ದೆಯವನಿಗೆ ಚಪಾತಿ ಯಾಕೆ? ಆದರೆ ಬೆಂಗಳೂರಿನ ದರ್ಶಿನಿ ಬೋರ್ಡ್ ಒಂದು ಸಲ ಗೋಧಿ ಕಣ್ಣಲ್ಲಿ ಓದಿ ನೋಡಿ. ರವೆ ಇಡ್ಲಿ, ಚೌಚೌ ಬಾತು, ಪೂರಿ, ಪರೋಟ, ಶಾವಿಗೆ, ಮದ್ದೂರು ವಡೆ, ಎಲ್ಲ ಹೋಯಿತು. ಅಕ್ಕಿಯ ಇಡ್ಲಿ ಇದೆಯಲ್ಲ ಅಂತ ಸಾಂಬಾರಿಗೆ ಕೈ ಹಾಕಿದರೆ ಇಂಗು. ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಮೈದಾನೋ ಗೋಧಿ ಹಿಟ್ಟೋ ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಚಿಕ್ಕ ಅಕ್ಷರದಲ್ಲಿರುತ್ತೆ, ಭೂತಕನ್ನಡಿ ಬೇಕು. ಮನೆಯಲ್ಲಿ ಇಂಗೇ ನಿಂತು, ಬೆಳ್ಳುಳ್ಳಿ ಒಗ್ಗರಣೆ ಬಂತು. ಮುದ್ದೆ, ಬಸ್ಸಾರು, ಅಕ್ಕಿ ರೊಟ್ಟಿ, ಹುರುಳಿಕಾಳು ನನ್ನನ್ನು ಕಾದವು. ನಮ್ಮಜ್ಜಿಯ ಅಡುಗೆಗೆ ವಾಪಸ್ ಹೋಗೋಕೆ ಇಷ್ಟು ಸ್ಕೋಪಿ ಬೇಕಾಯಿತು.

ಹಾಲಿನದು ಬೇರೆ ಸಂಕಟ. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ನಂದಿನಿ ಪ್ಯಾಕೆಟ್ ಬೀಳುವ ಸದ್ದಿಗೆ ಏಳುವವನು ನಾನು. ಬೆಲ್ಲದ ಕರಿ ಕಾಫಿ ಕುಡಿದೆ. ಹೇಳಿಕೊಳ್ಳುವಂಥದ್ದಲ್ಲ. ಸಂಕ್ರಾಂತಿಗೆ ತುಪ್ಪವಿಲ್ಲದ ಪೊಂಗಲ್. ಅಮ್ಮ ಫೋನಲ್ಲಿ, "ಒಂದು ಲೋಟ ಮಜ್ಜಿಗೆ ಕುಡಿದ್ರೆ ಏನಾಯ್ತದೆ ಮಗ, ಅದು ತಂಪು ಕಣಪ್ಪ" ಅಂದರು. ಅವರಿಗೆ ಹೇಗೆ ಹೇಳೋದು?

ಜನವರಿ ಕೊನೆಗೆ ನಾಲ್ಕನೇ ಸ್ಕೋಪಿ. 6. ಹುಡುಗಿಗೆ ಎರಡು ಚೂರು. ಗೋಧಿ ವಾಪಸ್ ತಂದೆ, ಮಾರ್ಚ್ ಮಧ್ಯದಲ್ಲಿ ಐದನೆಯದು: 5. ಗೋಧಿ ನಿರಪರಾಧಿ. ವಿಮೆ ಕಂಪನಿಗೆ ಇಷ್ಟೊಂದು ಸ್ಕೋಪಿ ಯಾಕೆ ಅಂತ ವಿವರಿಸಿದ ಕಥೆ ಇನ್ನೊಂದು ದಿನಕ್ಕಿರಲಿ.

ಆಮೇಲೆ ಹಾಲು. ಸಂಭ್ರಮವೋ ಸಂಭ್ರಮ. ಯುಗಾದಿಗೆ ಹೋಳಿಗೆ, ಮೇಲೆ ತುಪ್ಪ, ಪಕ್ಕದಲ್ಲಿ ಹಾಲು. ಊಟಕ್ಕೆ ಮಜ್ಜಿಗೆ. ಏನೂ ಸಿಕ್ಕಿಕೊಳ್ಳಲಿಲ್ಲ. ಎದೆ ಹಗುರವಾಗಿತ್ತು. ಏಪ್ರಿಲ್ ಕೊನೆಯ ಸ್ಕೋಪಿಗೆ ಹೋಗುವಾಗ, "ಸುಮ್ನೆ ಹಾಕಿಸ್ಕೋತಿದೀನಿ, ಎಲ್ಲ ಸರಿ ಇದೆ" ಅಂತ ಹೆಂಡತಿಗೆ ಹೇಳಿದ್ದೆ.

51.

ಮೊದಲಿಗಿಂತ ಜಾಸ್ತಿ. ನಂಬಲಾಗಲಿಲ್ಲ, ಚೀಟಿ ಅದಲು ಬದಲಾಗಿರಬಹುದು ಅಂದೆ. ಮೇಡಂ ಫೋಟೋ ತೋರಿಸಿದರು, ಉತ್ತ ಸಾಲು ಮತ್ತೆ ಮೂಡಿತ್ತು. "ನಿಮಗೆ ಅನ್ನಿಸೋದು, ಒಳಗೆ ಇರೋದು ಒಂದೇ ದಾರಿಯಲ್ಲಿ ಹೋಗಲ್ಲ. ಅದಕ್ಕೇ ಪ್ರತಿ ಸಲ ನೋಡೋದು" ಅಂದರು. ನನಗೆ ಆ ಹೊತ್ತಿಗೆ ಬೇರೆಯೇ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಎರಡು ತುತ್ತಿಗೊಂದು ಗುಟುಕು. ದಿನಕ್ಕೆ ಎರಡು ಊಟ. ಮೂವತ್ತು ವರ್ಷ. ತುತ್ತನ್ನು ಕೆಳಗೆ ತಳ್ಳೋಕೆ ಅಂತ ನಾನು ಕುಡಿದ ಅಷ್ಟೂ ಮಜ್ಜಿಗೆ.

ಹಾಲೊಂದನ್ನೇ ಬಿಟ್ಟರೆ ಸಾಕಾಗುತ್ತಾ ಅಂತ ಅಮೆರಿಕದಲ್ಲಿ 129 ದೊಡ್ಡವರ ಮೇಲೆ ನೋಡಿದ್ದಾರೆ, 2023ರಲ್ಲಿ ಪ್ರಕಟವಾಯಿತು. ಹಾಲೊಂದೇ ಬಿಟ್ಟವರಲ್ಲಿ ಶೇಕಡ 34, ಆರನ್ನೂ ಬಿಟ್ಟವರಲ್ಲಿ ಶೇಕಡ 40 ಜನಕ್ಕೆ ಲೆಕ್ಕ ಇಳಿದಿತ್ತು. ದೊಡ್ಡ ವ್ಯತ್ಯಾಸ ಇಲ್ಲ. ನಾನೂ ಹಾಲಿನಿಂದಲೇ ಶುರು ಮಾಡಿದ್ದರೆ ಒಂದು ಸ್ಕೋಪಿ ಉಳಿಯುತ್ತಿತ್ತು, ರವೆ ಇಡ್ಲಿಯೂ ಉಳಿಯುತ್ತಿತ್ತು. ಇರಲಿ.

ಇನ್ನೊಂದು ಸಂಗತಿ ಮೇಡಂ ಆಮೇಲೊಂದು ದಿನ ಹೇಳಿದ್ದು, ಈಗಲೂ ತಲೆಯಲ್ಲಿ ಕೂತಿದೆ. ಇಸ್ನೋಫಿಲ್‌ಗಳನ್ನೇ ಕೊಲ್ಲುವ ಬೆನ್ರಲಿಝುಮ್ಯಾಬ್ ಅನ್ನೋ ಇಂಜೆಕ್ಷನ್ ಇದೆ, ಆಸ್ತಮಾಗೆ ಕೊಡುತ್ತಾರೆ. ಅದನ್ನು ಈ ಕಾಯಿಲೆಗೆ ಕೊಟ್ಟು ನೋಡಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಹೆಚ್ಚಿನವರ ಅನ್ನನಾಳದಲ್ಲಿ ಇಸ್ನೋಫಿಲ್ ಹೆಚ್ಚು ಕಡಿಮೆ ಖಾಲಿಯಾದವು. ಆದರೆ ನುಂಗುವ ಕಷ್ಟ, ಸುಳ್ಳು ಇಂಜೆಕ್ಷನ್ ಕೊಟ್ಟವರಿಗಿಂತ ಕಡಿಮೆಯಾಗಲಿಲ್ಲ. ಅದೇ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಡುಪಿಲುಮ್ಯಾಬ್, ಇಂಟರ್‌ಲ್ಯೂಕಿನ್ 4 ಮತ್ತು 13 ಅನ್ನೋ ಎರಡು ಸಂದೇಶ ತಡೆಯುತ್ತೆ, ಅದರಲ್ಲಿ ನುಂಗೋದೂ ಸುಧಾರಿಸಿತು. ಅಂದರೆ ಕಾಯಿಲೆಗೆ ಯಾರ ಹೆಸರಿಟ್ಟಿದ್ದಾರೋ ಆ ಕಣವೇ ಮುಖ್ಯ ಕಳ್ಳನೋ, ಕಳ್ಳನ ಹಿಂದೆ ಬಂದವನೋ ಅನ್ನೋ ಪ್ರಶ್ನೆ ಎದ್ದಿದೆ. ನನಗಾದದ್ದು ಅದರ ಉಲ್ಟಾ: ಕಣ 51, ಕಷ್ಟ ಸೊನ್ನೆ. ನನ್ನ ಚೂರುಗಳು ಎಲ್ಲೋ ಒಂದು ಫ್ರೀಜರಲ್ಲಿ ಮೈನಸ್ 80 ಡಿಗ್ರಿಯಲ್ಲಿ ನಂಬರ್ ಹಚ್ಚಿಕೊಂಡು ಕೂತಿವೆ. ಅವಕ್ಕೆ ಕೇಳಬೇಕಾದ ಪ್ರಶ್ನೆ ಇದೇ ಇರಬಹುದು ಅಂತ ಅಂದುಕೊಳ್ಳುತ್ತೇನೆ.

ಸ್ಕೋಪಿ ಇಲ್ಲದೆ ಎಣಿಸುವ ದಾರಿ ಹುಡುಕುತ್ತಿದ್ದಾರೆ ಅನ್ನೋದು ನನಗೆ ಅತಿ ಸಮಾಧಾನದ ಸುದ್ದಿ. ದಾರ ಸುತ್ತಿದ ಕ್ಯಾಪ್ಸೂಲ್ ನುಂಗಿಸಿ, ಒಂದು ಗಂಟೆ ಬಿಟ್ಟು ದಾರ ಎಳೆದು, ಅದಕ್ಕೆ ಅಂಟಿದ್ದನ್ನು ಪರೀಕ್ಷೆ ಮಾಡೋದು ಒಂದು. ಹಾಗೇ ಸ್ಪಂಜಿನದೂ ಇದೆ. "ನನಗೆ ಕ್ಯಾಪ್ಸೂಲ್ ನುಂಗೋಕೆ ಆಗಬೇಕಲ್ಲ ಮೇಡಂ" ಅಂದೆ.

ಹಾಲು ಬಿಟ್ಟು ವರ್ಷದ ಮೇಲಾಯಿತು. ಮೊನ್ನೆ ಮತ್ತೆ ಸ್ಕೋಪಿ, ಲೆಕ್ಕ 3. ಅದೇ ಹುಡುಗಿ ಬಂದಳು, ಹೊಸ ಫಾರಂ, ಈ ಸಲ ಕನ್ನಡ ಸ್ವಲ್ಪ ಸುಧಾರಿಸಿತ್ತು. ಸಹಿ ಆದಮೇಲೆ ಪ್ರಶ್ನಾವಳಿ ಓದಿದಳು. ಮಟನ್ ತಿಂತೀರಾ? ಹೌದು. ಸಿಕ್ಕಿಕೊಳ್ಳುತ್ತಾ? ಇಲ್ಲ. ಊಟದ ಮಧ್ಯೆ ಏನಾದರೂ ಕುಡೀತೀರಾ? ನೀರು, ಅಪರೂಪಕ್ಕೆ.

"ಒಂದು ಊಟಕ್ಕೆ ಎಷ್ಟು ಹೊತ್ತು ಬೇಕು ಸರ್?"

"ಹದಿನೈದು ನಿಮಿಷ" ಅಂದೆ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಫೋನಿಂದ ತಲೆ ಎತ್ತಲಿಲ್ಲ. "ಮುಕ್ಕಾಲು ಗಂಟೆ ಅಂತ ಬರ್ಕೊಳಮ್ಮ. ನಾನು ಪಾತ್ರೆ ಎಲ್ಲ ತೊಳೆದು ಬಂದ್ರೂ ತಟ್ಟೆ ಮುಂದೆ ಕೂತಿರ್ತಾರೆ" ಅಂದಳು.

ಹುಡುಗಿ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು, ಮುಕ್ಕಾಲು ಗಂಟೆ ಅಂತ ಬರೆದುಕೊಂಡಳು.